ಮನೆ ಮೇಲೆ ಮಹಡಿ ಕಟ್ಟಿಸಲು ಚದರದ ಲೆಕ್ಕವೊಂದೇ ಸಾಕೇ?

ಪ್ರಶ್ನೆ: 20×30 ಅಡಿಯ ಮನೆ ಇದೆ. ಅದರ ಮೇಲೊಂದು ಮಹಡಿ ಕಟ್ಟಿಸಬೇಕು. ಮೇಸ್ತ್ರಿ ಸಾಮಾನು ಸಮೇತ ಚದರಕ್ಕೆ 2 ಲಕ್ಷ ರೂಪಾಯಿ ಹೇಳಿದ್ದಾರೆ. 6 ಚದರಕ್ಕೆ 12 ಲಕ್ಷ ಹೊಂದಿಸಿಕೊಂಡರೆ ಸಾಕೇ?

ಉತ್ತರ: ಸಾಲುವುದಿಲ್ಲ. ಮೇಸ್ತ್ರಿಯ ದರ ಸರಿಯಾಗಿಯೇ ಇರಬಹುದು, ಆದರೆ ಅದು ಹೊಸದಾಗಿ ಏಳುವ ಗೋಡೆ, ಮೋಲ್ಡ್ (ಕಾಂಕ್ರೀಟ್ ಸೂರು), ಗಾರೆಗೆ ಮಾತ್ರ. ಹಳೆ ಮನೆ ಮತ್ತು ಹೊಸ ಮಹಡಿ ಸೇರುವ ಜಾಗದ ಕೆಲಸಕ್ಕೆ ಬೇರೆ ಹಣ ಬೇಕು. ಅಂದಾಜು ತಪ್ಪುವುದು ಹೆಚ್ಚಾಗಿ ಅಲ್ಲೇ.

ಮೊದಲು ಚದರವನ್ನೇ ನೋಡಿ. 100 ಚದರಡಿಗೆ ಒಂದು ಚದರ. ಮೇಸ್ತ್ರಿಗಳು ಅಳೆಯುವುದು ಕೋಣೆಯನ್ನಲ್ಲ, ಮೋಲ್ಡ್ ಹಾಕಿದ ಜಾಗವನ್ನು. ಹಿಂದೆ ಮುಂದೆ ಎರಡೆರಡು ಅಡಿ ಚಾಚಿದರೆ 20×34, ಅಂದರೆ 680 ಚದರಡಿ. ಮೇಲಿನ ತಾರಸಿಗೆ ಹೋಗುವ ಮೆಟ್ಟಿಲಿನ ಹೆಡ್‌ರೂಂ 8×10 ಎಂದುಕೊಂಡರೆ ಇನ್ನೂ 80. ಒಟ್ಟು 7.6 ಚದರ, 15.20 ಲಕ್ಷ. ಚಾಚು, ಬಾಲ್ಕನಿ, ಹೆಡ್‌ರೂಂಗೆ ಪೂರ್ತಿ ದರವೋ ಅರ್ಧ ದರವೋ ಎಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ಕರಾರುಪತ್ರದಲ್ಲಿ ಬರೆಸಿ. ಮೋಲ್ಡ್ ಆದ ಮೇಲೆ ಕೇಳಿದರೆ ಜಗಳವೇ ಗತಿ.

ಇನ್ನು ಪಾಯ. ಈ ಒಂದು ವಿಷಯದಲ್ಲಿ ಮೇಸ್ತ್ರಿಯ ಮಾತನ್ನಷ್ಟೇ ನಂಬಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಶುಲ್ಕ ಕೊಟ್ಟು ತೋರಿಸಿ. ಮನೆಯ ಮೂಲೆಯಲ್ಲಿ ಅಗೆದು ಪಾಯದ ಆಳ, ಅಗಲ ನೋಡದೆ ಯಾರೂ ಖಚಿತವಾಗಿ ಹೇಳಲಾರರು. ಪಿಲ್ಲರ್ ಮನೆಯಾದರೆ ತಾರಸಿಯ ಮೇಲೆ ಬಿಟ್ಟಿರುವ ಕಂಬಿ ಪರೀಕ್ಷಿಸಿ. ಹೊಸ ಕಂಬಿಯನ್ನು ಹಳೆಯದರ ಜೊತೆ ಅದರ ದಪ್ಪದ ಸುಮಾರು 50 ಪಟ್ಟು ಉದ್ದಕ್ಕೆ ಜೋಡಿಸಬೇಕು: 12 ಎಂಎಂ ಕಂಬಿಗೆ 2 ಅಡಿ, 16 ಎಂಎಂಗೆ 2 ಅಡಿ 8 ಅಂಗುಲ. ಬಿಟ್ಟ ಕಂಬಿ ಅದಕ್ಕಿಂತ ಮೋಟಾಗಿದ್ದರೆ, ಅಥವಾ ಹತ್ತಾರು ವರ್ಷ ಮಳೆಗೆ ನೆಂದು ತುಕ್ಕು ಪದರಪದರವಾಗಿ ಏಳುತ್ತಿದ್ದರೆ, ಕಾಂಕ್ರೀಟ್ ಕೊರೆದು ಕೆಮಿಕಲ್ ಹಾಕಿ ಹೊಸ ಕಂಬಿ ನಿಲ್ಲಿಸಬೇಕಾಗಬಹುದು. ಅದರ ಖರ್ಚು ಚದರದ ದರದಲ್ಲಿ ಬರುವುದಿಲ್ಲ.

ಪಿಲ್ಲರ್ ಇಲ್ಲದ, ಸೈಜುಗಲ್ಲಿನ ಪಾಯದ ಮನೆಯಾದರೆ ಮೇಲಿನ ಗೋಡೆ ಕೆಳಗಿನ ದಪ್ಪ ಗೋಡೆಯ ಮೇಲೇ ಬರಬೇಕು. ನಾಲ್ಕೂವರೆ ಅಂಗುಲದ ಅಡ್ಡಗೋಡೆಯ ಮೇಲೆ ಭಾರ ಹೇರಬಾರದು. ಇಲ್ಲಿ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆ) ಅನುಕೂಲ. ಸಾಲಿಡ್ ಕಾಂಕ್ರೀಟ್ ಬ್ಲಾಕ್ ಘನಮೀಟರಿಗೆ ಸುಮಾರು 2,000 ಕೆ.ಜಿ. ತೂಗಿದರೆ ಎಎಸಿ ತೂಗುವುದು 550ರಿಂದ 650 ಕೆ.ಜಿ.

ಬಹಳ ಜನರ ಲೆಕ್ಕಕ್ಕೆ ಸಿಗದ್ದು ಹಳೆ ತಾರಸಿಯ ಇಳಿಜಾರು. ಮಳೆನೀರು ಹರಿಯಲೆಂದು ಒಂದು ಕಡೆಗೆ ಎರಡು ಮೂರು ಅಂಗುಲ ತಗ್ಗು ಕೊಟ್ಟಿರುತ್ತಾರೆ. ಟೈಲ್ಸ್ ಹಾಕಲು ಅದನ್ನು ಮಟ್ಟ ಮಾಡಬೇಕು. ಸರಾಸರಿ ಒಂದೂವರೆ ಅಂಗುಲ ಕಾಂಕ್ರೀಟ್ ತುಂಬಿದರೂ 600 ಚದರಡಿಗೆ 75 ಘನ ಅಡಿ, ಸುಮಾರು 5 ಟನ್ ಭಾರ. ಹಳೆಯ ಗಾರೆ ಪದರವನ್ನು ಮೊದಲು ಕಿತ್ತರೆ ಭಾರ ತಗ್ಗುತ್ತದೆ, ಕೀಳುವ ಮತ್ತು ಸಾಗಿಸುವ ಕೂಲಿ ಹೆಚ್ಚುತ್ತದೆ.

ಬಾತ್‌ರೂಂ ಇನ್ನೊಂದು ಕಗ್ಗಂಟು. ಹೊಸ ಮನೆಯಲ್ಲಾದರೆ ಬಾತ್‌ರೂಂ ಜಾಗದಲ್ಲಿ ಮೋಲ್ಡ್ ತಗ್ಗಿಸಿ ಪೈಪ್ ಹೂಳುತ್ತಾರೆ. ಈಗಾಗಲೇ ಹಾಕಿರುವ ಮೋಲ್ಡನ್ನು ತಗ್ಗಿಸಲಾಗದು. ಹಾಗಾಗಿ ಮೇಲಿನ ಬಾತ್‌ರೂಂ ನೆಲವನ್ನು ಆರೆಂಟು ಅಂಗುಲ ಎತ್ತರಿಸಬೇಕು, ಇಲ್ಲವೇ ಮೋಲ್ಡ್ ಕೊರೆದು ಕೆಳಮನೆಯ ಸೂರಿನಡಿ ಪೈಪ್ ತರಬೇಕು. ಕೆಳಗಿನ ಬಾತ್‌ರೂಂ ನೆತ್ತಿಯ ಮೇಲೇ ಮೇಲಿನದೂ ಬಂದರೆ ಪೈಪಿನ ಖರ್ಚೂ ಕಡಿಮೆ, ಸೋರಿದರೂ ಮಲಗುವ ಕೋಣೆ ಒದ್ದೆಯಾಗದು. ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗೆ ಒದ್ದೆಯಿಲ್ಲವೆಂದು ನೋಡಿಯೇ ಟೈಲ್ಸ್ ಹಾಕಿಸಿ.

ಇವಲ್ಲದೆ ನಕ್ಷೆ ಮಂಜೂರಾತಿ, ಹಳೆ ಪ್ಯಾರಾಪೆಟ್ ಒಡೆಯುವುದು, ನೀರಿನ ಟ್ಯಾಂಕ್ ಸ್ಥಳಾಂತರ, ಕರೆಂಟ್ ಮೀಟರಿನ ಲೋಡ್ ಏರಿಸುವುದು, ಕ್ಯೂರಿಂಗ್‌ಗೆ (ಕಾಂಕ್ರೀಟ್, ಗಾರೆ ನೆನೆಸಲು) ಟ್ಯಾಂಕರ್ ನೀರು, ಕೆಳಮನೆಗೆ ಮತ್ತೆ ಬಣ್ಣ, ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ದರ ಕೇಳಿ. ಒಟ್ಟು ಮೊತ್ತದ ಮೇಲೆ ಶೇ. 15 ಎತ್ತಿಡಿ. ಬ್ಯಾಂಕ್ ಸಾಲವಾದರೆ ಹಣ ಕೆಲಸದ ಹಂತಕ್ಕೆ ತಕ್ಕಂತೆ ಬಿಡುಗಡೆಯಾಗುತ್ತದೆ. ಮೊದಲ ಹಂತಕ್ಕೆ ಕೈಯಲ್ಲಿ ಸ್ವಂತ ದುಡ್ಡಿರಲಿ.

ಸಾಮಾನು ಸಮೇತ ಗುತ್ತಿಗೆ ಕೊಟ್ಟಾಗ ಮೋಲ್ಡ್ ದಿನ ನೀವೇ ಮೂಟೆ ಎಣಿಸಿ. 680 ಚದರಡಿಗೆ 5 ಅಂಗುಲ ದಪ್ಪವೆಂದರೆ ಸುಮಾರು 8 ಘನಮೀಟರ್ ಕಾಂಕ್ರೀಟ್. ಎಂ20 ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ ಹತ್ತಿರ ಹತ್ತಿರ 64 ಮೂಟೆ ಸಿಮೆಂಟ್ ಬೇಕು, ಬೀಮ್‌ಗೆ ಬೇರೆ. ಕಂಬಿಯನ್ನೂ ತೂಗಿಸಿ: 12 ಎಂಎಂನ 40 ಅಡಿ ಕಂಬಿ ಸುಮಾರು 10.7 ಕೆ.ಜಿ. ಇರಬೇಕು.

ಹಣ ಪಾವತಿ ಹಂತಹಂತವಾಗಿರಲಿ, ಕೊನೆಯ ಶೇ. 5ರಿಂದ 10ನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವ ಷರತ್ತು ಹಾಕಿ. ದುಡ್ಡು ಸಾಲದೆ ಬಂದರೆ ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್, ಒಳಗೋಡೆಯ ಪುಟ್ಟಿ ಮುಂದೂಡಿ. ಹೊರಗೋಡೆಯ ಗಾರೆ, ಮೇಲ್ತಾರಸಿಯ ವಾಟರ್‌ಪ್ರೂಫಿಂಗ್ ಮಾತ್ರ ಮಳೆಗೆ ಮುಂಚೆ ಮುಗಿಯಲೇಬೇಕು.