ಡ್ರೈಯರ್ ಮೇಲೆ ಸುಂಕವಿರಲಿಲ್ಲ, ಬೆಲೆ ಮಾತ್ರ ಏರಿತು

2018ರ ಫೆಬ್ರುವರಿಯಲ್ಲಿ ಅಮೆರಿಕ ಆಮದು ವಾಷಿಂಗ್ ಮಷೀನುಗಳ ಮೇಲೆ ಹೊಸ ಸುಂಕ ಹಾಕಿತು. ವರ್ಷದ ಮೊದಲ 12 ಲಕ್ಷ ಮಷೀನುಗಳಿಗೆ ಶೇ 20, ಅದರಾಚೆ ಬಂದವಕ್ಕೆ ಶೇ 50. ಬಟ್ಟೆ ಒಣಗಿಸುವ ಡ್ರೈಯರ್ ಈ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೆ ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ವಾಷಿಂಗ್ ಮಷೀನಿಗೆ ಸುಮಾರು 86 ಡಾಲರ್ ಏರಿದ್ದರೆ, ಡ್ರೈಯರಿಗೆ 92 ಡಾಲರ್ ಏರಿತ್ತು!

ಕಾರಣ ಸರಳ. ಅಲ್ಲಿನ ಜನ ಇವೆರಡನ್ನೂ ಸಾಮಾನ್ಯವಾಗಿ ಜೋಡಿಯಾಗಿ ಕೊಳ್ಳುತ್ತಾರೆ. ಏರಿದ ಖರ್ಚನ್ನು ಒಂದೇ ಮಷೀನಿನ ಮೇಲೆ ಹೇರುವ ಬದಲು ಕಂಪನಿಗಳು ಎರಡಕ್ಕೂ ಹಂಚಿದವು. ಸುಂಕ ಕಟ್ಟುವ ಪ್ರಮೇಯವೇ ಇಲ್ಲದ ದೇಶೀಯ ತಯಾರಕರೂ ಸುಮ್ಮನೆ ಕೂರಲಿಲ್ಲ. ಪಕ್ಕದ ವಿದೇಶಿ ಮಷೀನಿನ ಬೆಲೆ ಏರಿದ ಮೇಲೆ ತಮ್ಮದನ್ನು ಹಳೆಯ ಬೆಲೆಗೇ ಮಾರಲು ಅವರಿಗೇನು ಹರಕೆಯೇ?

ಸುಂಕವೆಂದರೆ ಹೊರದೇಶದವನು ಕಟ್ಟುವ ದಂಡ ಎಂದು ರಾಜಕಾರಣಿಗಳು ಹೇಳುವುದುಂಟು. ಆದರೆ ಬಂದರಿನಲ್ಲಿ ಕಸ್ಟಮ್ಸ್‌ಗೆ ಹಣ ಕಟ್ಟುವವನು ಸರಕು ತರಿಸಿಕೊಂಡ ಆಮದುದಾರ. ಹೊರಗಿನ ತಯಾರಕ ತನ್ನ ಬೆಲೆ ಇಳಿಸಿ ಒಂದಿಷ್ಟು ಭಾರ ಹೊರಬಹುದು, ಆಮದುದಾರ ತನ್ನ ಲಾಭದಲ್ಲಿ ಒಂದಿಷ್ಟು ಬಿಟ್ಟುಕೊಡಬಹುದು, ಮಿಕ್ಕಿದ್ದು ಕೊಳ್ಳುವವನ ತಲೆಗೆ. ವಾಷಿಂಗ್ ಮಷೀನಿನ ವಿಷಯದಲ್ಲಿ ಸರ್ಕಾರಕ್ಕೆ ಬಂದ ಸುಂಕ ವರ್ಷಕ್ಕೆ ಸುಮಾರು 8.2 ಕೋಟಿ ಡಾಲರ್. ಗ್ರಾಹಕರು ಹೆಚ್ಚುವರಿಯಾಗಿ ತೆತ್ತದ್ದು ಸುಮಾರು 150 ಕೋಟಿ ಡಾಲರ್. ಅಂದರೆ ಏರಿದ ಬೆಲೆಯ ಬಹುಪಾಲು ಖಜಾನೆಯ ಹತ್ತಿರವೂ ಸುಳಿಯಲಿಲ್ಲ.

ಕೆಲಸಗಳು ಬಂದವು, ಅದೂ ನಿಜ. ಸ್ಯಾಮ್‌ಸಂಗ್ ದಕ್ಷಿಣ ಕೆರೊಲಿನಾದಲ್ಲಿ, ಎಲ್‌ಜಿ ಟೆನೆಸ್ಸಿಯಲ್ಲಿ ಕಾರ್ಖಾನೆ ತೆರೆದವು. ಅದೇ ಅಧ್ಯಯನದ ಪ್ರಕಾರ ಸುಮಾರು 1,800 ಉದ್ಯೋಗ. ಗ್ರಾಹಕರ ಹೊರೆಯನ್ನು ಅದರಿಂದ ಭಾಗಿಸಿದರೆ ಉದ್ಯೋಗವೊಂದಕ್ಕೆ ವರ್ಷಕ್ಕೆ 8 ಲಕ್ಷ ಡಾಲರಿಗೂ ಹೆಚ್ಚು.

ಈ ಜಗಳ ಹಳೆಯದು. 1815ರಲ್ಲಿ ಬ್ರಿಟನ್ ತಂದ ಧಾನ್ಯ ಕಾಯ್ದೆಯ ಪ್ರಕಾರ, ದೇಶದೊಳಗೆ ಗೋಧಿ ಬೆಲೆ ಕ್ವಾರ್ಟರಿಗೆ (ಧಾನ್ಯ ಅಳೆಯುವ ಆಗಿನ ಮಾನ) 80 ಷಿಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿಗೆ ಬಾಗಿಲು ಬಂದ್. ಜಮೀನುದಾರರಿಗೆ ಹಬ್ಬ. ವಿರೋಧಕ್ಕೆ ಮುಂದೆ ನಿಂತವರು ಮಾತ್ರ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು. ರೊಟ್ಟಿ ದುಬಾರಿಯಾದರೆ ಕೂಲಿ ಏರಿಸಬೇಕು, ಕೂಲಿ ಏರಿದರೆ ಬಟ್ಟೆ ದುಬಾರಿ. ಹೊಲಕ್ಕೆ ಕಟ್ಟಿದ ಬೇಲಿ ಗಿರಣಿಯ ಕಾಲಿಗೆ ತೊಡರುತ್ತಿತ್ತು. ರಿಚರ್ಡ್ ಕಾಬ್ಡನ್ ಮತ್ತು ಜಾನ್ ಬ್ರೈಟ್ ವರ್ಷಗಟ್ಟಲೆ ಚಳವಳಿ ನಡೆಸಿದರು. ಐರ್ಲೆಂಡಿನ ಕ್ಷಾಮದ ನಡುವೆ, 1846ರಲ್ಲಿ, ಪ್ರಧಾನಿ ರಾಬರ್ಟ್ ಪೀಲ್ ತಮ್ಮದೇ ಪಕ್ಷ ಒಡೆದರೂ ಸರಿ ಎಂದು ಕಾಯ್ದೆ ರದ್ದು ಮಾಡಿದರು. ಅದರ ಬೆನ್ನಿಗೇ ಅಧಿಕಾರವನ್ನೂ ಕಳೆದುಕೊಂಡರು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ವಾದ ಬೇರೆಯೇ ಇತ್ತು. ಬ್ರಿಟನ್ನಿನ ಬಲಿತ ಕಾರ್ಖಾನೆಗಳ ಎದುರು ನಮ್ಮ ಎಳೆಯ ಉದ್ಯಮ ಉಳಿಯುವುದು ಹೇಗೆ ಎಂದು ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲೇ ಸಂಸತ್ತಿಗೆ ವರದಿ ಕೊಟ್ಟರು. ಸುಂಕ ಬೇಕೆನ್ನುವವರು ಇಂದಿಗೂ ಈ ಹೆಸರನ್ನು ಎತ್ತುತ್ತಾರೆ. ವರದಿಯ ಒಂದು ಭಾಗವನ್ನು ಮಾತ್ರ ಹಾರಿಸಿ ಓದಿದಂತಿದೆ: ಸುಂಕ ಬೆಲೆ ಏರಿಸುತ್ತದೆ, ಅದಕ್ಕಿಂತ ನೇರ ಪ್ರೋತ್ಸಾಹಧನವೇ ಮೇಲು ಎಂದು ಹ್ಯಾಮಿಲ್ಟನ್ ವಾದಿಸಿದ್ದರು. ಪ್ರೋತ್ಸಾಹಧನ ಬಜೆಟ್ಟಿನಲ್ಲಿ ಕಾಣುತ್ತದೆ, ಪ್ರತಿವರ್ಷ ಸಮರ್ಥಿಸಿಕೊಳ್ಳಬೇಕು. ಸುಂಕದ ಖರ್ಚು ಅಂಗಡಿಯ ಬೆಲೆಚೀಟಿಯೊಳಗೆ ಅಡಗಿ ಕೂರುತ್ತದೆ. ರಾಜಕಾರಣಕ್ಕೆ ಎರಡನೆಯದೇ ಹಿತ.

1930ರ ಜೂನ್‌ನಲ್ಲಿ ಅಧ್ಯಕ್ಷ ಹೂವರ್, ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರ ಮನವಿಯನ್ನು ಬದಿಗಿಟ್ಟು, ಆಮದು ಸುಂಕ ಏರಿಸುವ ಸ್ಮೂಟ್–ಹಾಲಿ ಕಾಯ್ದೆಗೆ ಸಹಿ ಹಾಕಿದರು. ಕೆನಡಾ ಮೊದಲಾದ ದೇಶಗಳು ಮರುಸುಂಕ ಹಾಕಿದವು. ಆ ದಶಕದ ಮಹಾ ಆರ್ಥಿಕ ಕುಸಿತಕ್ಕೆಲ್ಲ ಈ ಕಾಯ್ದೆಯೇ ಕಾರಣ ಎನ್ನುವುದು ಅತಿಶಯೋಕ್ತಿ. ಗಾಯಕ್ಕೆ ಉಪ್ಪು ಸವರಿದ್ದಂತೂ ಹೌದು. ಯುದ್ಧ ಮುಗಿದ ಮೇಲೆ, 1947ರಲ್ಲಿ, 23 ದೇಶಗಳು ಸುಂಕ ಮತ್ತು ವ್ಯಾಪಾರ ಕುರಿತ ಗ್ಯಾಟ್ ಒಪ್ಪಂದಕ್ಕೆ ಬಂದವು. ಅಲ್ಲಿಂದ ಸುಂಕಗಳು ಸುತ್ತು ಸುತ್ತಾಗಿ ಇಳಿದವು.

ಹಾಗಾದರೆ ಸುಂಕದಿಂದ ಕಾರ್ಖಾನೆಗೆ ಲಾಭವೇ ಇಲ್ಲವೇ? ಇದೆ. ಯಾವ ಕಾರ್ಖಾನೆಗೆ ಎಂಬುದೇ ಪ್ರಶ್ನೆ. ಒಂದು ಸೈಕಲ್ ತೆಗೆದುಕೊಳ್ಳಿ. ಮಾರುವ ಬೆಲೆ 100, ಅದರಲ್ಲಿ ಉಕ್ಕು ಮತ್ತು ಬಿಡಿಭಾಗಗಳ ಖರ್ಚು 60, ತಯಾರಕನಿಗೆ ಕೂಲಿ, ಬಾಡಿಗೆ, ಲಾಭಕ್ಕೆಲ್ಲ ಉಳಿಯುವುದು 40. ಆಮದು ಸೈಕಲ್ ಮೇಲೆ ಶೇ 10 ಸುಂಕ ಬಿದ್ದರೆ ಆತ 110ಕ್ಕೆ ಮಾರಬಹುದು, ಕೈಯಲ್ಲಿ 50 ಉಳಿಯುತ್ತದೆ. 40 ಇದ್ದದ್ದು 50 ಆಯಿತು, ಅಂದರೆ ಶೇ 10ರ ಸುಂಕ ಅವನಿಗೆ ಶೇ 25ರ ರಕ್ಷಣೆ ಕೊಟ್ಟಿತು. ಈಗ ಉಕ್ಕು, ಬಿಡಿಭಾಗಗಳ ಮೇಲೂ ಶೇ 20 ಸುಂಕ ಹಾಕಿ. 60 ಇದ್ದದ್ದು 72 ಆಯಿತು, ಉಳಿದದ್ದು 38. ಸುಂಕವೇ ಇಲ್ಲದ ದಿನಗಳೇ ಅವನಿಗೆ ವಾಸಿ! 2002ರಲ್ಲಿ ಅಮೆರಿಕ ಉಕ್ಕಿನ ಮೇಲೆ ಶೇ 8ರಿಂದ 30ರವರೆಗೆ ಸುಂಕ ಹಾಕಿದಾಗ ಉಕ್ಕು ಬಳಸುವ ಉದ್ಯಮಗಳು ಬೊಬ್ಬೆ ಹೊಡೆದದ್ದು ಇದಕ್ಕೇ. ವಿಶ್ವ ವಾಣಿಜ್ಯ ಸಂಸ್ಥೆಯಲ್ಲೂ ಸೋತ ಮೇಲೆ, 2003ರ ಡಿಸೆಂಬರಿನಲ್ಲಿ ಆ ಸುಂಕ ಹೋಯಿತು.

ಗಡುವು ಇಟ್ಟ ಸುಂಕ ಕೆಲವೊಮ್ಮೆ ಫಲ ಕೊಟ್ಟದ್ದುಂಟು. 1983ರಲ್ಲಿ ಹಾರ್ಲೆ–ಡೇವಿಡ್‌ಸನ್ ಉಳಿಸಲು 700 ಸಿಸಿ ಮೀರಿದ ಆಮದು ಬೈಕುಗಳ ಮೇಲೆ, ವರ್ಷವರ್ಷಕ್ಕೂ ಇಳಿಯುವ ಐದು ವರ್ಷದ ಸುಂಕ ಬಂತು. 1987ರಲ್ಲಿ ಕಂಪನಿಯೇ ಸಾಕು ಎಂದಿತು. ಆ ಹೊತ್ತಿಗೆ ಜಪಾನಿನ ಕಂಪನಿಗಳು 699 ಸಿಸಿ ಎಂಜಿನ್ ಮಾಡಿ ಬೇಲಿಯಡಿ ನುಸುಳಿಯಾಗಿತ್ತು, ಅದು ಬೇರೆ ಮಾತು.

ಗಡುವಿಲ್ಲದ್ದರ ಕಥೆ ಕೋಳಿಯದು. 1960ರ ದಶಕದ ಆರಂಭದಲ್ಲಿ ಯುರೋಪು ಅಮೆರಿಕದ ಕೋಳಿ ಮಾಂಸದ ಮೇಲೆ ಸುಂಕ ಏರಿಸಿತು. ಪ್ರತಿಯಾಗಿ ಅಮೆರಿಕ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್ (ಪಿಷ್ಟದಿಂದ ತೆಗೆಯುವ ಅಂಟು), ಬ್ರಾಂಡಿ ಮತ್ತು ಸಣ್ಣ ಟ್ರಕ್ಕುಗಳ ಮೇಲೆ ಶೇ 25 ಹಾಕಿತು. ಉಳಿದವು ಬಿದ್ದುಹೋದವು, ಟ್ರಕ್ಕಿನದು ದಶಕಗಳವರೆಗೆ ಗಟ್ಟಿಯಾಗಿ ನಿಂತಿತು. ಪ್ರಯಾಣಿಕ ವಾಹನಕ್ಕೆ ಇದ್ದದ್ದು ಶೇ 2.5 ಮಾತ್ರ. ಹೀಗಾಗಿ ಫೋರ್ಡ್ ಕಂಪನಿ ತನ್ನದೇ ದೇಶಕ್ಕೆ ವ್ಯಾನುಗಳನ್ನು ಹಿಂದಿನ ಸೀಟು ಸಮೇತ ತರಿಸಿ, ಕಸ್ಟಮ್ಸ್ ದಾಟಿದ ಮೇಲೆ ಸೀಟುಗಳನ್ನು ಕಿತ್ತು ಸರಕು ವಾಹನವಾಗಿ ಮಾರುತ್ತಿತ್ತು. ವರ್ಷಗಟ್ಟಲೆ ವ್ಯಾಜ್ಯ ನಡೆದು, 2024ರಲ್ಲಿ 36.5 ಕೋಟಿ ಡಾಲರ್ ಕಟ್ಟಲು ಕಂಪನಿ ಒಪ್ಪಿತು.