ಡ್ರಾಕುಲಾ ಓದಿದವರು ಯಾಕೆ ಜಗಳಾಡುತ್ತಾರೆ: ಒಂದು ತಾರೀಖಿನ ಪಟ್ಟಿ

‘ಡ್ರಾಕುಲಾ ಕಾದಂಬರಿಯ ಬಗ್ಗೆ ಓದುಗರಲ್ಲಿರುವ ಭಿನ್ನ ಅಭಿಪ್ರಾಯಗಳನ್ನು ಚರ್ಚಿಸಿ.’ ಕಿರುಪರೀಕ್ಷೆಗೆ ಬಂದ ಪ್ರಶ್ನೆ ಇದು. ನಾನು ಆರು ಪುಟ ಬರೆದೆ. ಕೆಲವರು ಹೀಗೆ ಹೇಳುತ್ತಾರೆ, ಇನ್ನು ಕೆಲವರು ಹಾಗೆ ಹೇಳುತ್ತಾರೆ, ಮತ್ತೆ ಕೆಲವರು ಬೇರೆ ಹೇಳುತ್ತಾರೆ. ಪೇಪರ್ ವಾಪಸ್ ಬಂದಾಗ ಕೆಂಪು ಶಾಯಿಯಲ್ಲಿ ಒಂದೇ ಸಾಲು ಇತ್ತು: ‘ಇದು ಉತ್ತರ ಅಲ್ಲ, ಸಂತೆ.’ ಎರಡು ದಿನ ಸಿಟ್ಟು ಬಂದಿತ್ತು. ಮೂರನೇ ದಿನ ಓದಿ ನೋಡಿದರೆ ಸಂತೆಯೇ.

ಈ ಟಿಪ್ಪಣಿ ಮುಂದಿನ ಸಲಕ್ಕೆ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು, ಆದರೆ ತಲೆಗೆ ಇಳಿಯಬೇಕಾದರೆ ನನಗೆ ಕನ್ನಡವೇ ಆಗಬೇಕು. ಕಥೆ ಹೇಳುವುದಿಲ್ಲ, ಓದಿದ್ದೀರಿ ಅಂದುಕೊಳ್ಳುತ್ತೇನೆ. ಬ್ರಾಮ್ ಸ್ಟೋಕರ್ ಡಬ್ಲಿನ್ನಿನವನು, ಲಂಡನ್ನಿನ ಲೈಸಿಯಂ ಥಿಯೇಟರಿನ ಮ್ಯಾನೇಜರ್ ಆಗಿದ್ದವನು, ಪುಸ್ತಕ ಬಂದದ್ದು 1897ರಲ್ಲಿ, ಒಟ್ಟು 27 ಅಧ್ಯಾಯ. ಕೌಂಟ್ ಅಂದರೆ ರಕ್ತ ಹೀರುವ ಡ್ರಾಕುಲಾನೇ. ಇಷ್ಟು ಸಾಕು.

ನನ್ನ ಸುತ್ತಲಿನ ಓದುಗರು

ಅಂಕೋಲೆಯ ನನ್ನ ರೂಮ್‌ಮೇಟ್: ‘ಮೊದಲ ನಾಲ್ಕು ಅಧ್ಯಾಯ ಸೂಪರ್. ಆಮೇಲೆ ಕೌಂಟ್ ಎಲ್ಲಿ ಹೋದ? ಬರೀ ಪತ್ರ, ಬರೀ ಮದುವೆ ಮಾತು.’ ಐದನೇ ಅಧ್ಯಾಯದಲ್ಲೇ ಪುಸ್ತಕ ಮುಚ್ಚಿಟ್ಟಳು.

ಇಲ್ಲೇ ಕಾರವಾರದ ಬೈತಖೋಲದ ಸಹಪಾಠಿ, ಮನೆಯಲ್ಲಿ ಬೋಟು ಇದೆ: ‘ಏಳನೇ ಅಧ್ಯಾಯ ಒಂದೇ ಸಾಕು ಮಾರಾಯ್ತಿ, ಉಳಿದದ್ದು ಬೇಕಾದರೆ ಓದು.’ ಕೌಂಟ್‌ನನ್ನು ಇಂಗ್ಲೆಂಡಿಗೆ ಹೊತ್ತು ತರುವ ಡಿಮೀಟರ್ ಹಡಗಿನ ಲಾಗ್ ಪುಸ್ತಕ ಇರುವ ಅಧ್ಯಾಯ ಅದು. ಒಬ್ಬೊಬ್ಬರೇ ಖಲಾಸಿಗಳು ಕಾಣೆಯಾಗುತ್ತಾರೆ. ಕ್ಯಾಪ್ಟನ್ ಯಾಕೆ ಹಾಯಿ ಇಳಿಸಿ ನಿಲ್ಲಲಿಲ್ಲ ಅಂತ ನಾನು ಕೇಳಿದೆ. ಉತ್ತರ ಲಾಗ್‌ನಲ್ಲೇ ಇದೆ ಅಂತ ತೋರಿಸಿದ: ಇಳಿಸಿದರೆ ಮತ್ತೆ ಏರಿಸಲು ಜನ ಉಳಿದಿಲ್ಲ. ಸಮುದ್ರ ಗೊತ್ತಿದ್ದವನು ಬರೆದ ಸಾಲು ಇದು ಅಂತ ಅವನ ತೀರ್ಪು. ಕೊನೆಗೆ ಕ್ಯಾಪ್ಟನ್ ಚುಕ್ಕಾಣಿಗೆ ಕೈ ಕಟ್ಟಿಕೊಂಡೇ ಸತ್ತು ದಡಕ್ಕೆ ಬರುತ್ತಾನೆ. ಜೂನ್‌ನಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ನಿಂತ ಮೇಲೆ ಒಮ್ಮೆ ಅಲ್ಲಿ ಕೂತು ಅದನ್ನು ಓದಿ ನೋಡಿ.

ನಮ್ಮ ಸೀನಿಯರ್ ಅಕ್ಕ: ‘ಎಲ್ಲರೂ ಪೆದ್ದರು. ಕುತ್ತಿಗೆ ಮೇಲೆ ಎರಡು ತೂತು ಕಾಣುತ್ತದೆ, ಹುಡುಗಿ ಬಿಳಚಿಕೊಳ್ಳುತ್ತಾಳೆ, ಕಿಟಕಿ ಹತ್ತಿರ ಬಾವಲಿ. ಇನ್ನೂ ಅರ್ಥ ಆಗಿಲ್ವಾ?’

ಇನ್ನು ಆಯಿ. ಶಿರಸಿಗೆ ಹೋದಾಗ ಅಡಿಕೆ ಸುಲಿಯುತ್ತಾ ಕೂತಿದ್ದಳು, ನಾನು ಕಥೆ ಹೇಳಿದೆ. ಕೌಂಟ್‌ಗೆ ಬಲಿಯಾಗುವ ಹುಡುಗಿ ಲೂಸಿ, ಅವಳ ತಾಯಿ ರಾತ್ರಿ ಮಗಳ ಕೋಣೆಗೆ ಹೋಗಿ, ಪಿಶಾಚಿ ಹತ್ತಿರ ಬಾರದಿರಲಿ ಅಂತ ಡಾಕ್ಟರು ಕಟ್ಟಿದ ಬೆಳ್ಳುಳ್ಳಿ ಹೂವನ್ನೆಲ್ಲ ತೆಗೆದು, ಗಾಳಿ ಬರಲಿ ಅಂತ ಕಿಟಕಿ ತೆರೆಯುತ್ತಾಳಲ್ಲ, ಆ ಜಾಗ ಬಂತು. ನಾನು ‘ಎಂಥ ಹೆಂಗಸು’ ಅಂದೆ. ಆಯಿ ಕತ್ತಿಯಿಂದ ತಲೆ ಎತ್ತದೆ, ‘ಮತ್ತೆಂತ ಮಾಡವು? ಆ ನಾತದಲ್ಲಿ ಮಲಗಿದ್ರೆ ಹುಷಾರಿದ್ದವರಿಗೂ ಜ್ವರ ಬತ್ತು’ ಅಂದಳು. ನಮ್ಮ ಮನೆಯ ಅಡುಗೆಕೋಣೆಗೆ ಬೆಳ್ಳುಳ್ಳಿ ಈವರೆಗೆ ಬಂದದ್ದಿಲ್ಲ. ಕೌಂಟ್ ಶಿರಸಿಗೆ ಬಂದಿದ್ದರೆ ಮೊದಲು ನಮ್ಮ ಮನೆಗೇ ಬರುತ್ತಿದ್ದ.

ನಾನು ಎಡವಿದ್ದು ಇಲ್ಲಿ

ಈ ನಾಲ್ಕೂ ಅಭಿಪ್ರಾಯ ಬೇರೆ ಬೇರೆ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೇ ಸಂತೆ ಆಯಿತು. ನಾಲ್ಕನೇ ಅಧ್ಯಾಯದಿಂದ ಐದಕ್ಕೆ ಹೋಗುವ ಜಾಗದಲ್ಲಿ ಏನಾಗುತ್ತದೆ ಅಂತ ಸರಿಯಾಗಿ ನೋಡಿರಲಿಲ್ಲ. ಇದನ್ನು ನಿಧಾನಕ್ಕೆ ಬರೆಯುತ್ತೇನೆ, ಯಾಕೆಂದರೆ ನನಗೆ ಮೂರು ಸಲ ಓದಿದ ಮೇಲೆ ಹೊಳೆದದ್ದು.

ಪುಸ್ತಕದಲ್ಲಿ ಕಥೆ ಹೇಳುವವನು ಅಂತ ಒಬ್ಬನಿಲ್ಲ. ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕು, ಲೂಸಿಯನ್ನು ನೋಡಿಕೊಳ್ಳುವ ಡಾಕ್ಟರ್ ಸೀವರ್ಡ್ ಫೋನೋಗ್ರಾಫ್‌ನಲ್ಲಿ ಮಾತಾಡಿ ಇಟ್ಟದ್ದು, ಇಷ್ಟೇ. ಕೌಂಟ್‌ನ ಕಡೆಯ ಕಥೆ ಮಾತ್ರ ಎಲ್ಲೂ ಇಲ್ಲ. ಕೆಲಸದ ಮೇಲೆ ಹೋದ ಇಂಗ್ಲಿಷ್ ವಕೀಲ ಜೊನಾಥನ್ ಹಾರ್ಕರ್ ಕೌಂಟ್‌ನ ಕೋಟೆಯಲ್ಲಿ ಬರೆದ ದಿನಚರಿ ಮೇ 3ಕ್ಕೆ ಶುರುವಾಗಿ ಜೂನ್ 30ಕ್ಕೆ ನಿಲ್ಲುತ್ತದೆ. ಮುಂದಿನ ಪುಟ ತಿರುಗಿಸಿದರೆ, ಹಾರ್ಕರ್‌ನನ್ನು ಮದುವೆಯಾಗಲಿರುವ ಮೀನಾ ತನ್ನ ಗೆಳತಿ ಲೂಸಿಗೆ ಬರೆದ ಪತ್ರ. ಅದರ ತಾರೀಖು ಮೇ 9. ಅಂದರೆ ಕಥೆ ಮುಂದೆ ಹೋಗಲಿಲ್ಲ, ಸುಮಾರು ಎರಡು ತಿಂಗಳು ಹಿಂದೆ ಹೋಯಿತು. ನನ್ನ ರೂಮ್‌ಮೇಟ್ ಪುಸ್ತಕ ಮುಚ್ಚಿದ್ದು ಸರಿಯಾಗಿ ಇಲ್ಲೇ. ಕೌಂಟ್ ಎಲ್ಲೂ ಹೋಗಿಲ್ಲ, ಆ ಪತ್ರದ ಹೊತ್ತಿಗೆ ಕೋಟೆಯಲ್ಲೇ ಇದ್ದಾನೆ.

ಸರಿ, ಇದು ಗೊತ್ತಾದ ಮೇಲೂ ನಾನು ತಪ್ಪು ಮಾಡಿದೆ. ‘ಬರೆದ ತಾರೀಖು’ ಒಂದನ್ನೇ ಹಿಡಿದು ಪಟ್ಟಿ ಮಾಡಿದೆ. ಅದರಿಂದ ಏನೂ ಸಿಗಲಿಲ್ಲ. ಆಮೇಲೆ ಅಪ್ಪಯ್ಯನ ಅಡಿಕೆ ಲೆಕ್ಕದ ಪುಸ್ತಕ ಕಣ್ಣಿಗೆ ಬಿತ್ತು. ಅದರಲ್ಲಿ ಮಾಲು ಹೋದ ದಿನ ಬೇರೆ, ದುಡ್ಡು ಕೈಗೆ ಬಂದ ದಿನ ಬೇರೆ. ಎರಡನ್ನೂ ಬರೆದಿಡದಿದ್ದರೆ ಮನೆ ಲೆಕ್ಕ ಅರ್ಥವೇ ಆಗುವುದಿಲ್ಲ. ಇಲ್ಲೂ ಅದೇ: ಬರೆದ ದಿನ ಬೇರೆ, ಇನ್ನೊಬ್ಬರು ಅದನ್ನು ಓದಿದ ದಿನ ಬೇರೆ.

ಹಾರ್ಕರ್‌ನ ದಿನಚರಿ ಒಂದನ್ನೇ ತಗೊಳ್ಳಿ. ಬರೆದು ಮುಗಿದದ್ದು ಜೂನ್ 30. ಆಗಸ್ಟ್ 24ರ ಪತ್ರದಲ್ಲಿ ಮೀನಾ ಬುಡಾಪೆಸ್ಟ್‌ನಿಂದ ತನ್ನ ಮದುವೆಯ ಸುದ್ದಿ ಬರೆಯುತ್ತಾಳೆ. ಗಂಡ ಆ ಪುಸ್ತಕವನ್ನು ಕೈಗೆ ಕೊಟ್ಟಿದ್ದಾನೆ. ಅವಳು ಓದುವುದಿಲ್ಲ. ಬಿಳಿ ಕಾಗದದಲ್ಲಿ ಸುತ್ತಿ, ಕುತ್ತಿಗೆಯ ನೀಲಿ ರಿಬ್ಬನ್ ಕಟ್ಟಿ, ಅರಗು ಹಾಕಿ, ಮದುವೆಯ ಉಂಗುರದಿಂದ ಮುದ್ರೆ ಒತ್ತುತ್ತಾಳೆ. ಗಂಡನ ಮೇಲೆ ನಂಬಿಕೆ ಇದೆ ಅಂತ ತೋರಿಸಲು. ಎಷ್ಟು ಚಂದದ ಕೆಲಸ ಅಲ್ವಾ? ಈಗ ಮುಂದೆ ನೋಡಿ.

ಆಗಸ್ಟ್ 8ರ ಹೊತ್ತಿಗೇ ಹಡಗು ಇಂಗ್ಲೆಂಡಿನ ವಿಟ್ಬಿ ಬಂದರಿಗೆ ಬಂದಾಗಿದೆ. ಲೂಸಿ ಸೊರಗುತ್ತಿದ್ದಾಳೆ. ಸೆಪ್ಟೆಂಬರ್ 20ಕ್ಕೆ ತೀರಿಕೊಳ್ಳುತ್ತಾಳೆ. 22ಕ್ಕೆ ಆ ಸುದ್ದಿ ಮೀನಾಗೆ ತಂತಿಯಲ್ಲಿ ಬರುತ್ತದೆ. ಅವಳು ಮುದ್ರೆ ಒಡೆದು ದಿನಚರಿ ಓದುವುದು ಅದಾದ ಮೇಲೆ. 24ರ ಬೆಳಿಗ್ಗೆ ಬರೆಯುವಾಗ ಓದಿ ಮುಗಿಸಿರುತ್ತಾಳೆ. 25ಕ್ಕೆ ಅದು ಸೀವರ್ಡ್‌ನ ಗುರು, ಬೆಳ್ಳುಳ್ಳಿ ಹೂವು ಕಟ್ಟಿದ ಡಾಕ್ಟರ್ ವಾನ್ ಹೆಲ್ಸಿಂಗ್‌ನ ಕೈ ಸೇರುತ್ತದೆ. ಲೂಸಿ ಸತ್ತು ಐದು ದಿನ ಆಗಿದೆ.

ಲೂಸಿಯನ್ನು ಉಳಿಸಬಹುದಾಗಿದ್ದ ಕಾಗದ ಅವಳ ಗೆಳತಿಯ ಹತ್ತಿರವೇ ಇತ್ತು, ರಿಬ್ಬನ್ ಕಟ್ಟಿಕೊಂಡು. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೋಟೆಯ ಗೋಡೆ ಮೇಲೆ ಕೌಂಟ್ ಹಲ್ಲಿಯ ಹಾಗೆ ತಲೆಕೆಳಗಾಗಿ ಇಳಿಯುವಾಗ ಆಗದ ಹೆದರಿಕೆ ಈ ರಿಬ್ಬನ್ ನೋಡಿ ಆಯಿತು.

ಈಗ ಅಕ್ಕನ ಮಾತಿಗೆ ಬನ್ನಿ, ‘ಎಲ್ಲರೂ ಪೆದ್ದರು.’ ನಾವು ಮೊದಲ ನಾಲ್ಕು ಅಧ್ಯಾಯ ಓದಿಯೇ ಲೂಸಿಯ ಕೋಣೆಗೆ ಹೋಗಿದ್ದೇವೆ. ಸೀವರ್ಡ್ ಓದಿಲ್ಲ. ಅವನಿಗೆ ಕಾಣುವುದು ರಕ್ತ ಕಡಿಮೆಯಾದ ಒಬ್ಬ ರೋಗಿ. ನಮಗೆ ಗೊತ್ತಿರುವುದನ್ನು ಅವನ ತಲೆಗೆ ಹಾಕಿ ಆಮೇಲೆ ಅವನನ್ನು ಪೆದ್ದ ಅನ್ನುವುದು ನ್ಯಾಯವಲ್ಲ. ಸ್ಟೋಕರ್ ಬೇಕಂತಲೇ ಹೀಗೆ ಜೋಡಿಸಿದ್ದಾನೆ. ಇದಕ್ಕೆ ನನ್ನ ನೆಚ್ಚಿನ ಸಾಕ್ಷಿ ಒಂದು ತಂತಿ. ಇವತ್ತು ರಾತ್ರಿ ಲೂಸಿಯ ಹತ್ತಿರ ಇರು ಅಂತ ಸೆಪ್ಟೆಂಬರ್ 17ಕ್ಕೆ ವಾನ್ ಹೆಲ್ಸಿಂಗ್ ಸೀವರ್ಡ್‌ಗೆ ತಂತಿ ಕಳಿಸುತ್ತಾನೆ. ವಿಳಾಸದಲ್ಲಿ ಕೌಂಟಿಯ, ಅಂದರೆ ಜಿಲ್ಲೆಯ ಹೆಸರು ಇಲ್ಲ. ತಂತಿ ಬೇರೆ ಊರಿಗೆ ಹೋಗಿ 22 ಗಂಟೆ ತಡವಾಗಿ ಬರುತ್ತದೆ. ಆ ರಾತ್ರಿಯೇ ತೋಳ ಕಿಟಕಿ ಒಡೆಯುತ್ತದೆ. ಲೂಸಿಯ ತಾಯಿ ಆ ಗಾಬರಿಗೇ ಸಾಯುತ್ತಾಳೆ. ರಕ್ತಪಿಶಾಚಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅರ್ಧ ವಿಳಾಸ.

ಪಟ್ಟಿ ಹಾಕಿದ ಮೇಲೂ ಉಳಿಯುವ ದೂರು

ಹಾಗಂತ ಎಲ್ಲ ದೂರೂ ಕರಗುವುದಿಲ್ಲ. ವಾನ್ ಹೆಲ್ಸಿಂಗ್‌ಗೆ ಅನುಮಾನ ಮೊದಲೇ ಇತ್ತು. ಇಲ್ಲದಿದ್ದರೆ ಬೆಳ್ಳುಳ್ಳಿ ಹೂವು ಯಾಕೆ ತರಿಸಿದ? ಆದರೆ ಮನೆಯವರಿಗೆ ಒಂದು ಮಾತು ಹೇಳಲಿಲ್ಲ. ತಾಯಿಗೆ ಹೃದಯದ ತೊಂದರೆ, ಗಾಬರಿ ಮಾಡಬಾರದು ಅಂತ ಎಲ್ಲರೂ ಮುಚ್ಚಿಟ್ಟರು. ಅವಳು ಹೂವು ತೆಗೆದಳು. ಇಲ್ಲಿ ಆಯಿ ಹೇಳಿದ್ದೇ ಸರಿ. ಇದು ಅಂಚೆ ತಡವಾದದ್ದಲ್ಲ, ಬಾಯಿ ಮುಚ್ಚಿಕೊಂಡದ್ದು.

ಇದೇ ತಪ್ಪು ಮತ್ತೆ ಆಗುತ್ತದೆ. ಸೆಪ್ಟೆಂಬರ್ 30ರ ಹೊತ್ತಿಗೆ ಎಲ್ಲ ಕಾಗದಗಳನ್ನೂ ಮೀನಾ ಟೈಪ್ ಮಾಡಿ ಒಟ್ಟು ಸೇರಿಸಿರುತ್ತಾಳೆ. ಆಗ ಮೊದಲ ಸಲ ಅವರಿಗೆ ಗೊತ್ತಿರುವುದೂ ನಮಗೆ ಗೊತ್ತಿರುವುದೂ ಸಮ ಆಗುತ್ತದೆ. ಕೂಡಲೇ ಗಂಡಸರು ಏನು ಮಾಡುತ್ತಾರೆ? ಇನ್ನು ಮುಂದೆ ಹೆಂಗಸಿಗೆ ಏನೂ ಹೇಳುವುದು ಬೇಡ ಅಂತ ನಿರ್ಧಾರ! ಅವರು ಕೌಂಟ್ ಕೊಂಡಿದ್ದ ಪಕ್ಕದ ಹಾಳು ಮನೆ ಹುಡುಕಲು ಹೋಗುತ್ತಾರೆ, ಕೌಂಟ್ ಮೀನಾಳ ಹತ್ತಿರ ಬರುತ್ತಾನೆ. ಮೀನಾ ಹೊಸ ಕಾಲದ ಹೆಣ್ಣೋ, ಹಳೇ ಕಾಲದ ಹೆಂಡತಿಯೋ ಅಂತ ವಿಮರ್ಶಕರು ಜಗಳಾಡುವುದು ಈ ಜಾಗದಲ್ಲೇ. ನನ್ನ ಪ್ರಕಾರ ಕಾದಂಬರಿ ಎರಡೂ ಕಡೆ ಕಾಲಿಟ್ಟಿದೆ. ಆದರೆ ಅವಳನ್ನು ಹೊರಗಿಟ್ಟವರಿಗೆ ಶಿಕ್ಷೆ ಆಗುತ್ತದೆ, ಅದನ್ನು ಉತ್ತರದಲ್ಲಿ ಬರೆಯಲೇಬೇಕು.

ಬೇಗ ಮುಗಿಸಬಹುದಾದವು

ರಕ್ತದ ಗುಂಪು ನೋಡದೆ ನಾಲ್ಕು ಗಂಡಸರ ರಕ್ತ ಲೂಸಿಗೆ ಕೊಟ್ಟರು, ಸುಳ್ಳು ಕಥೆ ಎನ್ನುವ ದೂರು: ವಿಜ್ಞಾನಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ವಿಷಯ ಪ್ರಕಟಿಸಿದ್ದು 1901ರಲ್ಲಿ. ಪುಸ್ತಕ 1897ರದು. ಮುಗಿಯಿತು.

ಬಿಸಿಲಿಗೆ ಬಂದರೆ ಸಾಯಬೇಕಲ್ವಾ ಎನ್ನುವ ದೂರು: ಅದು 1922ರ ‘ನೋಸ್ಫೆರಾಟು’ ಸಿನಿಮಾದ್ದು. ಕಾದಂಬರಿಯ ಕೌಂಟ್ ಸೆಪ್ಟೆಂಬರ್ 22ರ ಹಗಲಿನಲ್ಲೇ ಲಂಡನ್ನಿನ ಪಿಕಾಡಿಲಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕಡಿಮೆ, ಅಷ್ಟೆ. ಕೊನೆಗೆ ಸಾಯುವುದೂ ಮರದ ಗೂಟದಿಂದಲ್ಲ, ಎರಡು ಚಾಕುಗಳಿಂದ. ಅದರಲ್ಲಿ ಒಂದು ಗೂರ್ಖಾಗಳ ಕುಕ್ರಿ!

ಕರೆಯದೆ ಒಳಗೆ ಬರುವ ಹಾಗಿಲ್ಲ ಎನ್ನುವ ನಿಯಮ ಹಾಸ್ಯಾಸ್ಪದ ಎನ್ನುವವರಿಗೆ: ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದ ಊರಿನವರು ನಾವು. ಸುಮ್ಮನಿರೋಣ.

ಕೌಂಟ್‌ನ ಪರವಾಗಿ ಒಂದು ಮಾತು

ಇದು ಪರೀಕ್ಷೆಗೆ ಬೇಕೋ ಬೇಡವೋ, ಬರೆಯದೆ ಇರಲಾರೆ. ಹೊರದೇಶದಿಂದ ಬಂದವನು ಇಂಗ್ಲೆಂಡನ್ನು ಆಕ್ರಮಿಸುವ ಭಯವೇ ಈ ಕಾದಂಬರಿ ಅಂತ ವಿಮರ್ಶಕ ಸ್ಟೀಫನ್ ಅರಾಟ 1990ರಲ್ಲಿ ಬರೆದ ಪ್ರಬಂಧ ಪ್ರಸಿದ್ಧ. ತಾವು ಬೇರೆಯವರಿಗೆ ಮಾಡಿದ್ದನ್ನು ತಮಗೇ ಯಾರಾದರೂ ಮಾಡಿದರೆ ಎನ್ನುವ ಹೆದರಿಕೆ. 1897ರಲ್ಲಿ ಕಾರವಾರ ಬಾಂಬೆ ಪ್ರೆಸಿಡೆನ್ಸಿಯ ಊರು. ನಾವು ಇಲ್ಲಿ ಕೂತು ಓದುವಾಗ ಆ ಹೆದರಿಕೆ ಅಷ್ಟೇನೂ ತಟ್ಟುವುದಿಲ್ಲ, ಸ್ವಲ್ಪ ನಗು ಕೂಡ ಬರುತ್ತದೆ.

ಎರಡನೇ ಅಧ್ಯಾಯದಲ್ಲಿ ಹಾರ್ಕರ್ ಕೋಣೆಗೆ ಬಂದರೆ ಕೌಂಟ್ ಸೋಫಾದ ಮೇಲೆ ಮಲಗಿ ಓದುತ್ತಿದ್ದಾನೆ. ಏನು? ಬ್ರಾಡ್‌ಶಾ, ಅಂದರೆ ಇಂಗ್ಲೆಂಡಿನ ರೈಲು ವೇಳಾಪಟ್ಟಿ! ಅವನಿಗೆ ಇಂಗ್ಲಿಷ್ ಪುಸ್ತಕದಿಂದ ಬಂದಿದೆ, ಮಾತಾಡಿ ಅಭ್ಯಾಸ ಇಲ್ಲ. ಲಂಡನ್ನಿಗೆ ಹೋದರೆ ಮಾತು ಕೇಳಿದ ಕೂಡಲೇ ಪರದೇಶಿ ಅಂತ ಗುರುತು ಹಿಡಿಯುತ್ತಾರೆ, ಅದು ಬೇಡ, ತಪ್ಪು ತಿದ್ದು ಅಂತ ಹಾರ್ಕರ್‌ಗೆ ಹೇಳುತ್ತಾನೆ. ಕನ್ನಡ ಮೀಡಿಯಂನಿಂದ ಬಂದು ಮೊದಲ ಸೆಮಿನಾರಿಗೆ ನಿಂತವರು ಈ ಪುಟ ಓದಿ, ಆಮೇಲೆ ಅವನನ್ನು ದ್ವೇಷಿಸಲು ನೋಡಿ.

ಉತ್ತರ ಶುರು ಮಾಡುವ ರೀತಿ

1897ರಲ್ಲೇ ಜಗಳ ಇತ್ತು. ಷರ್ಲಾಕ್ ಹೋಮ್ಸ್ ಕಥೆಗಳ ಕಾನನ್ ಡಾಯ್ಲ್ ಸ್ಟೋಕರ್‌ಗೆ ಪತ್ರ ಬರೆದು ಹೊಗಳಿದ. ಲಂಡನ್ನಿನ ಸಾಹಿತ್ಯ ಪತ್ರಿಕೆ ‘ಅಥೀನಿಯಂ’ಗೆ ಇದರಲ್ಲಿ ರೋಚಕತೆ ಜಾಸ್ತಿ, ಕಟ್ಟುವ ಕಲೆ ಕಡಿಮೆ ಅನ್ನಿಸಿತು. ನಾನು ಈಗ ಉತ್ತರವನ್ನು ಅಥೀನಿಯಂನಿಂದಲೇ ಶುರು ಮಾಡುತ್ತೇನೆ, ಪಕ್ಕದಲ್ಲೇ ದಿನಚರಿಯ ನಾಲ್ಕು ತಾರೀಖು ಇಡುತ್ತೇನೆ: ಜೂನ್ 30, ಆಗಸ್ಟ್ 24, ಸೆಪ್ಟೆಂಬರ್ 20, ಸೆಪ್ಟೆಂಬರ್ 24. ಕಟ್ಟುವ ಕಲೆ ಇಲ್ಲ ಅನ್ನುವವರು ಇದಕ್ಕೆ ಉತ್ತರ ಹೇಳಲಿ. ವಾನ್ ಹೆಲ್ಸಿಂಗ್‌ನ ಉದ್ದುದ್ದ ಭಾಷಣಗಳನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ.

ಪಟ್ಟಿಯನ್ನು ಅಕ್ಕನಿಗೆ ತೋರಿಸಿದೆ. ಅವಳು ಪೆದ್ದರು ಎನ್ನುವ ಮಾತನ್ನು ಅರ್ಧ ವಾಪಸ್ ತಗೊಂಡಳು. ಆಮೇಲೆ ಕೊನೆಯ ಪುಟ ತೆಗೆದಳು. ಏಳು ವರ್ಷದ ನಂತರ ಹಾರ್ಕರ್ ಬರೆದ ಟಿಪ್ಪಣಿ ಅದು: ಈ ರಾಶಿಯಲ್ಲಿ ಅಸಲಿ ಕಾಗದ ಅಂತ ಹೆಚ್ಚೇನೂ ಇಲ್ಲ, ಉಳಿದದ್ದು ಟೈಪ್ ಮಾಡಿದ ಪ್ರತಿ. ‘ನಿನ್ನ ತಾರೀಖುಗಳನ್ನೆಲ್ಲ ಟೈಪ್ ಮಾಡಿದವರು ಯಾರೇ?’ ಅಂತ ಕೇಳಿದಳು. ಪಟ್ಟಿಗೆ ಇನ್ನೊಂದು ಕಾಲಂ ಎಳೆದಿದ್ದೇನೆ. ಈವರೆಗೆ ತುಂಬಿದ ಸಾಲುಗಳಲ್ಲಿ ಜಾಸ್ತಿ ಮೀನಾಳ ಹೆಸರೇ ಇದೆ.