ಗದ್ದೆಗೊರವ: ಟ್ರಿಂಗಾ ಸರಿಯೋ, ಆಕ್ಟಿಟಿಸ್ ಸರಿಯೋ?

ಪ್ರಶ್ನೆ: ಕೋಲಾರದ ಹತ್ತಿರ ನಮ್ಮೂರ ಕೆರೆಯ ಕೋಡಿಯಲ್ಲಿ ಚಳಿಗಾಲವಿಡೀ ಬಾಲ ಕುಣಿಸುತ್ತ ಓಡಾಡುವ ಸಾಮಾನ್ಯ ಗದ್ದೆಗೊರವವನ್ನು ಹಳೆಯ ಪುಸ್ತಕ ‘ಟ್ರಿಂಗಾ ಹೈಪೊಲ್ಯೂಕೋಸ್’ ಎನ್ನುತ್ತದೆ, ಹೊಸದು ‘ಆಕ್ಟಿಟಿಸ್ ಹೈಪೊಲ್ಯೂಕೋಸ್’ ಎನ್ನುತ್ತದೆ. ಇವು ಎರಡು ಬೇರೆ ಹಕ್ಕಿಗಳೇ?

ಉತ್ತರ: ಹಕ್ಕಿ ಒಂದೇ, ಇಂದು ಮಾನ್ಯವಾಗಿರುವ ಹೆಸರು ಆಕ್ಟಿಟಿಸ್ ಹೈಪೊಲ್ಯೂಕೋಸ್. ವೈಜ್ಞಾನಿಕ ಹೆಸರಿನ ಮೊದಲ ಪದ ಕುಲದ್ದು, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನದು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದನ್ನು ಟ್ರಿಂಗಾ ಕುಲದಲ್ಲಿಟ್ಟಾಗ ಆ ಕುಲ ಎಷ್ಟು ಸಡಿಲವಾಗಿತ್ತೆಂದರೆ, ಟಿಟ್ಟಿಭಗಳ ಬಳಗದ ಯುರೋಪಿನ ಹಕ್ಕಿಯೊಂದೂ ಅದರೊಳಗೇ ಇತ್ತು. 1811ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಇಲ್ಲಿಗರ್ ಆಕ್ಟಿಟಿಸ್ ಎಂಬ ಕುಲವನ್ನು ಸ್ಥಾಪಿಸಿದನು. ಗ್ರೀಕ್ ಮೂಲದ ಈ ಹೆಸರಿಗೆ ಕಡಲತೀರದ ವಾಸಿ ಎಂದರ್ಥ. ಕಡಲಿನಿಂದ ಇಷ್ಟು ದೂರದ ಕೋಲಾರದ ಕೆರೆಗಳಲ್ಲಿ ಆರಾಮವಾಗಿರುವ ಹಕ್ಕಿಗೆ ಅದು ಅಷ್ಟಾಗಿ ಒಪ್ಪುವುದಿಲ್ಲ, ಆದರೆ ಅರ್ಥ ಹೊಂದದೆಂಬ ಕಾರಣಕ್ಕೆ ವೈಜ್ಞಾನಿಕ ಹೆಸರನ್ನು ಬದಲಿಸುವ ಪದ್ಧತಿಯಿಲ್ಲ. ಹೊಸ ಪುಸ್ತಕಗಳಲ್ಲಿ ಲಿನೇಯಸನ ಹೆಸರು ಮತ್ತು ಇಸವಿ ಆವರಣ ಚಿಹ್ನೆಯೊಳಗೆ ಇರುವುದನ್ನು ಗಮನಿಸಿ: ಪ್ರಭೇದವನ್ನು ಮೊದಲು ವರ್ಣಿಸಿದವನು ಅದನ್ನು ಬೇರೊಂದು ಕುಲದಲ್ಲಿಟ್ಟಿದ್ದನೆಂಬುದಕ್ಕೆ ಅದೇ ಗುರುತು.

ಆ ಮೇಲೂ ಹಲವರು ಇದನ್ನು ಟ್ರಿಂಗಾದಲ್ಲೇ ಉಳಿಸಿಕೊಂಡಿದ್ದರಿಂದ ಹಳೆಯ ಕೈಪಿಡಿಗಳಲ್ಲಿ ಆ ಹೆಸರು ಕಾಣುತ್ತದೆ. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ, ಹಿಂದೆ ಪ್ರತ್ಯೇಕವೆಂದು ಎಣಿಸಿದ್ದ ಹೆಟೆರೊಸೀಲಸ್ ಮತ್ತು ಕ್ಯಾಟೊಪ್ಟ್ರೊಫೋರಸ್ ಕುಲಗಳು ಟ್ರಿಂಗಾದೊಳಗೆ ಸೇರಿಹೋದವು. ಆಕ್ಟಿಟಿಸ್ ಮಾತ್ರ ಹೊರಗೇ ನಿಂತಿತು. ಅದರಲ್ಲಿರುವುದು ಎರಡೇ ಪ್ರಭೇದ. ಇನ್ನೊಂದು ಉತ್ತರ ಅಮೆರಿಕದ ಆಕ್ಟಿಟಿಸ್ ಮ್ಯಾಕ್ಯುಲೇರಿಯಸ್. ಸಂತಾನ ಕಾಲದಲ್ಲಿ ಅದರ ಬಿಳಿಯ ಎದೆಯ ತುಂಬ ಕಪ್ಪು ಚುಕ್ಕೆಗಳೇಳುತ್ತವೆ, ಮೊಟ್ಟೆಗೆ ಕಾವು ಕೊಡುವ ಕೆಲಸ ಬಹುಪಾಲು ಗಂಡಿನದು.

ನಿಮ್ಮ ಕೆರೆಯಲ್ಲೇ ಎರಡು ಕುಲಗಳನ್ನೂ ಹೋಲಿಸಿ ನೋಡಬಹುದು, ಏಕೆಂದರೆ ನಿಜವಾದ ಟ್ರಿಂಗಾಗಳಾದ ಹಸಿರು ಗದ್ದೆಗೊರವ ಮತ್ತು ಅಡವಿ ಗದ್ದೆಗೊರವಗಳೂ ಚಳಿಗಾಲದಲ್ಲಿ ಈ ಭಾಗಕ್ಕೆ ಬರುತ್ತವೆ. ಆಕ್ಟಿಟಿಸ್‌ನ ಕಾಲು ಗಿಡ್ಡ. ಕುಳಿತಾಗ ಬಾಲ ರೆಕ್ಕೆಯ ತುದಿಯನ್ನು ದಾಟಿ ಚಾಚಿರುತ್ತದೆ. ಎದೆಯ ಬಿಳುಪು ರೆಕ್ಕೆಯ ಮುಂದಿನಿಂದ ಹೆಗಲಿನತ್ತ ಬೆಣೆಯಂತೆ ಏರುತ್ತದೆ. ಬೆದರಿಸಿದರೆ ಅದು ನೀರಿಗೆ ತಾಗುವಷ್ಟು ತಗ್ಗಿನಲ್ಲಿ, ರೆಕ್ಕೆಯನ್ನು ಬಿಗಿಯಾಗಿ ಬಾಗಿಸಿ ಒಂದೊಂದಿಷ್ಟೇ ಬಡಿಯುತ್ತ ಹಾರುತ್ತದೆ, ಆಗ ರೆಕ್ಕೆಯ ಮೇಲೆ ಬಿಳಿಪಟ್ಟಿ ಕಾಣುತ್ತದೆ. ಹಾರಿದ ಹಕ್ಕಿಯ ಸೊಂಟ (ಬಾಲದ ಬುಡದ ಮೇಲ್ಭಾಗ) ಅಚ್ಚ ಬಿಳಿಯಾಗಿದ್ದು ರೆಕ್ಕೆಯ ಮೇಲೆ ಪಟ್ಟಿಯಿಲ್ಲದಿದ್ದರೆ ಅದು ಟ್ರಿಂಗಾ.